ಹೆಚ್ಚಿಗೆ ಒಂದು ಬಳೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ.

ಹರಿಹರದ ಪೇಟೆಯಲ್ಲಿ ನಮ್ಮದು ಬಳೆ ಅಂಗಡಿ. ನಮ್ಮ ಮಾವ ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗಿದವರು. ಅವರು ತೀರಿಕೊಂಡ ಮೇಲೆ ಅಂಗಡಿಗೆ ನಮ್ಮ ಮನೆಯವರು ಮತ್ತು ನಾನು. ಮಾಲು ತರುವುದು ಅವರು, ತೊಡಿಸುವುದು ನಾನು. ಹನ್ನೆರಡು ವರ್ಷಗಳಲ್ಲಿ ಎಷ್ಟು ಕೈ ಹಿಡಿದಿದ್ದೇನೋ ಅಲ್ಲಾನಿಗೇ ಗೊತ್ತು. ಬೆರಳು ಮಡಿಚಿ ಒಮ್ಮೆ ಒತ್ತಿದರೆ ಸಾಕು, ಎರಡು ನಾಲ್ಕರ ಅಳತೆಯೋ ಎರಡು ಎಂಟರದೋ ಹೇಳಿಬಿಡುತ್ತೇನೆ.

ಎಲ್ಲ ಕೈಗಳಲ್ಲಿ ನನಗೆ ಆಗದ್ದು ಕುಬಸದ ಕೈ. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹಸಿರು ಬಳೆ ತೊಡಿಸುವ ಆ ಕಾರ್ಯಕ್ಕೆ ನಮ್ಮನ್ನು ಮನೆಗೇ ಕರೆಸುತ್ತಾರೆ. ಬಸುರಿಯ ಕೈ ಸ್ವಲ್ಪ ಬಾತಿರುತ್ತದೆ, ಬಳೆ ಸುಲಭಕ್ಕೆ ಏರುವುದಿಲ್ಲ. ನಾನು ಬೇಕಾದ್ದಕ್ಕಿಂತ ತುಸು ಗಟ್ಟಿಯಾಗಿಯೇ ಒತ್ತುತ್ತಿದ್ದೆ. 'ನೋವಾತು ಕಣ್ರಿ' ಎಂದರೆ 'ಇಷ್ಟಕ್ಕೇ ಹಿಂಗಾದ್ರೆ ಮುಂದೆ ಹೆಂಗೆ?' ಎಂದು ನಗಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಎರಡು ಸಲ ಮೂರನೇ ತಿಂಗಳಲ್ಲೇ ಬಸಿರು ಇಳಿದು ಹೋದವಳು ನಾನು ಎಂದು ಅವರಿಗೇನು ಗೊತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಎರಡೂ ಕೈಗೆ ಒಂದೊಂದು ಡಜನ್ ಬಳೆ ತುಂಬಿದ ಮೇಲೆ ಎಡಗೈಗೆ ಹೆಚ್ಚಿಗೆ ಒಂದು ಬಳೆ ಏರಿಸುತ್ತೇವೆ. ಅದನ್ನು ಯಾರೂ ಕೇಳುವುದಿಲ್ಲ, ನಾವೂ ಎಣಿಸುವುದಿಲ್ಲ. ಅದು ದುವಾದ ಬಳೆ, ತೊಟ್ಟವಳಿಗೆ ಒಳ್ಳೆಯದಾಗಲಿ ಎಂಬ ಪ್ರಾರ್ಥನೆ. ಹೆಚ್ಚಿಗೆ ಇದ್ದಲ್ಲಿ ಬರಕತ್ತು, ದೇವರ ಕೃಪೆ, ಇರುತ್ತದೆ ಎಂಬುದು ನಮ್ಮ ಅತ್ತೆಯ ಮಾತು. ನಾವು ಅವರನ್ನು ಅಮ್ಮಿ ಎನ್ನುತ್ತೇವೆ. ಅಮ್ಮಿ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು: ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡು ಆ ಬಳೆಯನ್ನು ತೊಡಿಸಬಾರದು. ಈ ಎರಡನೇ ಮಾತನ್ನು ನಾನು ಕೇಳಿಸಿಕೊಳ್ಳದವಳಂತೆ ಇರುತ್ತಿದ್ದೆ.

ಮೂವತ್ತೆಂಟಾದಾಗ ದಾವಣಗೆರೆಗೆ ಹೋಗಲು ಶುರು ಮಾಡಿದೆವು. ಎಸ್.ಎಸ್. ಬಡಾವಣೆಯ ಕಡೆ ಒಂದು ಸಂತಾನ ಚಿಕಿತ್ಸೆಯ ಆಸ್ಪತ್ರೆ. ಮಾಡಿದರೆ ಒಂದೇ ಸಲ, ಇದು ಆಗದಿದ್ದರೆ ಮತ್ತೆ ಬೇಡ ಎಂದು ನಾನೂ ನಮ್ಮ ಮನೆಯವರೂ ಮೊದಲೇ ಮಾತಾಡಿಕೊಂಡಿದ್ದೆವು. ಹೊಟ್ಟೆಗೆ ದಿನಾ ಚುಚ್ಚುಮದ್ದು, ಎರಡು ದಿನಕ್ಕೊಮ್ಮೆ ಸ್ಕ್ಯಾನಿಂಗ್. ಬೆಳಗಿನ ಬಸ್ಸಿಗೆ ಹೋಗಿ ಬೆಂಚಿನ ಮೇಲೆ ಕೂತರೆ ಮಧ್ಯಾಹ್ನ. ಆ ಬೆಂಚಿನ ಮೇಲೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಅವಳೊಬ್ಬಳು ನೋಡಿದಳು. ಮಾಯಕೊಂಡದ ಕಡೆಯವಳು, ಮೆಕ್ಕೆಜೋಳ ಬೆಳೆಯುವ ಮನೆ. ಇಪ್ಪತ್ತೊಂಬತ್ತು ಇರಬೇಕು. ಮೊದಲ ದಿನವೇ ಸೆರಗಿನ ಮರೆಯಿಂದ ಮಂಡಕ್ಕಿ ಪೊಟ್ಟಣ ತೆಗೆದು ನನ್ನ ಮುಂದೆ ಹಿಡಿದಳು.

'ತಿನ್ರಿ ಅಕ್ಕ. ಹಸಿದ ಹೊಟ್ಟೆಗೆ ಸೂಜಿ ಚುಚ್ಚಿಸ್ಕಂಡ್ರೆ ತಲಿ ತಿರುಗ್ತೈತೆ.'

ಅವಳಿಗೂ ನನಗೂ ಒಂದೇ ವಾರದಲ್ಲಿ ಚುಚ್ಚುಮದ್ದು ಶುರುವಾಗಿತ್ತು. ಅವಳದು ಅಂಡನಾಳದ ತೊಂದರೆ. ನನ್ನದು ವಯಸ್ಸು ಎಂದಿದ್ದರು. ಮಂಡಕ್ಕಿ ತಿನ್ನುತ್ತಲೇ ಅಭ್ಯಾಸಬಲದಿಂದ ಅವಳ ಕೈ ಹಿಡಿದು ಒತ್ತಿದೆ. ಎರಡು ನಾಲ್ಕು. ದುಡಿದು ಒರಟಾಗಿದ್ದರೂ ಮೂಳೆ ಎಳೆಯದು.

'ನಿನ್ನ ಕುಬಸಕ್ಕೆ ಬಳೆ ನಂದೇ,' ಎಂದೆ. ದುವಾದ ಬಳೆಯ ಕತೆಯನ್ನೂ ಹೇಳಿದೆ. ಹೆಚ್ಚಿಗೆ ಒಂದು ಇದ್ದರೆ ಬರಕತ್ತು ಎಂದೆ.

'ನನಗೆ ಎರಡು ಹೆಚ್ಚಿಗಿ ಹಾಕ್ರಿ ಮತ್ತೆ,' ಎಂದಳು. ಆಗ ನನಗೆ ಅವಳ ಮೇಲೆ ಪ್ರೀತಿಯೇ ಇತ್ತು. ಇಬ್ಬರೂ ಖಾಲಿ ಕೈಯವರು, ಕಿಚ್ಚು ಪಡಲು ಏನೂ ಇರಲಿಲ್ಲ.

ಒಂದೇ ದಿನ ಇಬ್ಬರ ಅಂಡಾಣುಗಳನ್ನೂ ತೆಗೆದರು. ಲ್ಯಾಬಿನಲ್ಲಿ ಐದು ದಿನ ಕಳೆದ ಮೇಲೆ ಅವಳಿಗೆ ಎರಡು ಭ್ರೂಣ ನಿಂತಿದ್ದವು, ನನಗೆ ನಾಲ್ಕು. ನಾಲ್ಕು! ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳಿಗೆ ನಾಲ್ಕು. ಪಾಪ, ನಿನಗೆ ಎರಡೇ ಆಯಿತಲ್ಲ ಎಂದು ಅವಳ ಬೆನ್ನು ಸವರಿದೆ. ಒಳಗೆ ಬೆಲ್ಲ ಕರಗುತ್ತಿತ್ತು.

ಡಾಕ್ಟರಮ್ಮ ನನ್ನ ನಾಲ್ಕನ್ನೂ ಪರೀಕ್ಷೆ ಮಾಡಿಸೋಣ ಎಂದರು. ಎರಡು ಸಲ ಬಸಿರು ಇಳಿದಿದೆ, ವಯಸ್ಸೂ ಆಗಿದೆ, ಹೊರಗಿನಿಂದ ನೋಡಿದರೆ ನಾಲ್ಕೂ ಚೆನ್ನಾಗಿವೆ, ಆದರೆ ಒಳಗೆ ಕ್ರೋಮೋಸೋಮುಗಳು ಸರಿಯಾಗಿವೆಯೇ ಎಂದು ಕಣ್ಣಿಗೆ ಕಾಣುವುದಿಲ್ಲ ಎಂದರು. ಶಾಲೆಯಲ್ಲಿ ವರ್ಣತಂತು ಎಂದು ಓದಿದ್ದೆ, ಪರೀಕ್ಷೆ ಮುಗಿದ ದಿನವೇ ಮರೆತಿದ್ದೆ. ಪ್ರತಿ ಭ್ರೂಣದಿಂದ ನಾಲ್ಕಾರು ಜೀವಕೋಶ ಕಿತ್ತು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು. ಭ್ರೂಣಗಳನ್ನು ಹಿಮದಲ್ಲಿಟ್ಟರು. ಆ ಪರೀಕ್ಷೆ ಅವಳಿಗೆ ಬೇಕಿಲ್ಲ ಎಂದು ಎರಡರಲ್ಲಿ ಒಂದನ್ನು ಆ ವಾರವೇ ಗರ್ಭಕ್ಕೆ ಬಿಟ್ಟರು.

ಮೂರು ವಾರದ ಮೇಲೆ ನಮ್ಮ ಮನೆಯವರ ಫೋನಿಗೆ ರಿಪೋರ್ಟು ಬಂತು. ಅವರು ಅಂಗಡಿಯಲ್ಲಿರಲಿಲ್ಲ, ಫೋನು ಮರೆತು ಹೋಗಿದ್ದರು. ನಾನೇ ತೆರೆದೆ. ಇಂಗ್ಲಿಷು. ನಾನು ಬಿ.ಎ. ಓದಿದ್ದು ಕನ್ನಡದಲ್ಲಿ. ನಾಲ್ಕು ಸಾಲು. ಪ್ರತಿ ಸಾಲಿನ ಕೊನೆಗೂ ಅನ್ಯೂಪ್ಲಾಯ್ಡ್ ಎಂಬ ಒಂದೇ ಪದ ಇತ್ತು. ಅದು ಪರೀಕ್ಷೆಯ ಹೆಸರಿರಬೇಕು ಎಂದುಕೊಂಡೆ. ಮಧ್ಯದಲ್ಲಿ ಅಂಕಿಗಳು. ಎರಡು ಸಾಲಿನಲ್ಲಿ ಹದಿನಾರರ ಮುಂದೆ, ಇಪ್ಪತ್ತೆರಡರ ಮುಂದೆ ಪ್ಲಸ್ ಗುರುತು. ಇನ್ನೆರಡರಲ್ಲಿ ಮೈನಸ್. ಮೈನಸ್ ಎಂದರೆ ಕಮ್ಮಿ, ಅವು ಹೋದವು ಎಂದು ನನಗೇ ತಿಳಿಯಿತು. ಪ್ಲಸ್ ಎಂದರೆ ಒಂದು ಹೆಚ್ಚಿಗೆ.

ಹೆಚ್ಚಿಗೆ ಒಂದು! ಹುಟ್ಟಿದಾಗಿನಿಂದ ಆ ಮಾತನ್ನು ಬೇರೆ ಅರ್ಥದಲ್ಲಿ ಕೇಳಿದವಳೇ ಅಲ್ಲ ನಾನು. ತವರಿನಲ್ಲೂ ಬಳೆ, ಇಲ್ಲೂ ಬಳೆ. ಅಮ್ಮಿಗೆ ಕೂಗಿ ಹೇಳಿದೆ, 'ಎರಡಕ್ಕೆ ಒಂದೊಂದು ಹೆಚ್ಚಿಗೆ ಬಂದಾವೆ.' ಅಮ್ಮಿ ಆಕಾಶ ನೋಡಿ ಕೈಯೆತ್ತಿದರು. ಸಕ್ಕರೆ ಡಬ್ಬಿ ತೆಗೆದು ಪಕ್ಕದ ಅಂಗಡಿಯವರ ಕೈಗೂ ಹಾಕಿಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಗಾದೆ ನಮ್ಮಿಬ್ಬರಿಗೂ ಗೊತ್ತಿತ್ತು, ನೆನಪಾಗಲಿಲ್ಲ ಅಷ್ಟೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಮಾಯಕೊಂಡದವಳಿಗೆ ಫೋನು ಮಾಡಿದೆ. ಹಿಂದಿನ ವಾರವಷ್ಟೇ ಅವಳಿಗೆ ಬಸಿರು ನಿಂತಿದ್ದು ಖಾತ್ರಿಯಾಗಿತ್ತು. ಆ ಸುದ್ದಿ ಕೇಳಿದ ದಿನ ನಾನು ಅನ್ನ ಬಿಟ್ಟಿದ್ದೆ. ಈಗ ನನ್ನ ಸರದಿ.

'ನಂದು ಪರೀಕ್ಷೆ ಮಾಡಿಸಿದ ಭ್ರೂಣ, ತಿಳೀತಾ? ಎರಡಕ್ಕೆ ಒಂದೊಂದು ಕ್ರೋಮೋಸೋಮು ಹೆಚ್ಚಿಗಿ ಐತೆ. ಬರಕತ್ತು. ನಿಂದು ಹೆಂಗೈತೋ, ನೋಡಿಸಿಲ್ಲಲ್ಲ.'

'ಒಳ್ಳೇದಾತು ಅಕ್ಕ,' ಎಂದಳು. 'ಇಬ್ಬರೂ ಜೊತಿಗೇ ಹಡಿಯೋಣ.'

ಮರುದಿನ ಡಾಕ್ಟರಮ್ಮನ ಎದುರು ಕೂತೆವು. ಅವರು ಒಂದು ಹಾಳೆಯ ಮೇಲೆ ಸಣ್ಣ ಸಣ್ಣ ಗೆರೆಗಳನ್ನು ಎರಡೆರಡಾಗಿ ಬರೆದರು. ಇಪ್ಪತ್ತಮೂರು ಜೋಡಿ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ವಯಸ್ಸಾದಂತೆ ಅಂಡಾಣುವಿನಲ್ಲಿ ಜೋಡಿ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ, ಒಂದು ಕಡೆ ಹೆಚ್ಚಾಗುತ್ತದೆ, ಇನ್ನೊಂದು ಕಡೆ ಕಮ್ಮಿ.

'ಅನ್ಯೂಪ್ಲಾಯ್ಡ್ ಅಂದ್ರೆ ಲೆಕ್ಕ ತಪ್ಪಿದೆ ಅಂತ. ಕಮ್ಮಿ ಆದ್ರೂ ಸರಿ ಅಲ್ಲ, ಹೆಚ್ಚು ಆದ್ರೂ ಸರಿ ಅಲ್ಲಮ್ಮ. ಹದಿನಾರನೇದು ಹೆಚ್ಚಾದ್ರೆ ಬಸಿರು ನಿಲ್ಲಬಹುದು, ಆಮೇಲೆ ಎರಡು ಮೂರು ತಿಂಗಳಿಗೆ ಇಳಿದು ಹೋಗುತ್ತೆ. ನಿಮಗೆ ಮೊದಲು ಆಗಿದ್ದೂ ಇಂಥದ್ದೇ ಇರಬಹುದು, ಖಚಿತವಾಗಿ ಹೇಳೋಕಾಗಲ್ಲ. ಈ ನಾಲ್ಕರಲ್ಲಿ ಒಂದನ್ನೂ ಹಾಕೋ ಹಾಗಿಲ್ಲ.'

'ನಾನು ಏನು ತಪ್ಪು ತಿಂದೆ?' ಎಂದು ಕೇಳಿದೆ.

'ಏನೂ ಇಲ್ಲ. ಇದರಲ್ಲಿ ನಿಮ್ಮದೂ ತಪ್ಪಿಲ್ಲ, ನಿಮ್ಮ ಯಜಮಾನರದೂ ತಪ್ಪಿಲ್ಲ.'

ತಪ್ಪಿದ್ದರೆ ಚೆನ್ನಾಗಿರುತ್ತಿತ್ತು. ಯಾರ ಮೇಲಾದರೂ ಹಾಕಬಹುದಿತ್ತು. ಬಸ್ಸಿನಲ್ಲಿ ನಮ್ಮ ಮನೆಯವರು ಹರಿಹರ ಬರುವವರೆಗೂ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಸಕ್ಕರೆ ತಿಂದ ಪಕ್ಕದ ಅಂಗಡಿಯವರು ಏನಾಯಿತೆಂದು ಕೇಳಿದರು. ಅಮ್ಮಿಯೇ ಏನೋ ಹೇಳಿ ಕಳಿಸಿದರು.

ಮಾಯಕೊಂಡದವಳಿಗೆ ಮಾತ್ರ ನಾನು ಏನೂ ಹೇಳಲಿಲ್ಲ. ಅವಳ ಕಣ್ಣಲ್ಲಿ ನಾನು ಎರಡು ಹೆಚ್ಚಿಗೆ ಇರುವವಳಾಗಿಯೇ ಇರಬೇಕಿತ್ತು. ಆಮೇಲೆ ಅವಳ ಫೋನು ಬಂದರೆ ಎತ್ತುವುದನ್ನೇ ಬಿಟ್ಟೆ. ವಾಂತಿ ಎಂದು ಮೆಸೇಜು ಕಳಿಸುತ್ತಿದ್ದಳು, ಹುಣಸೆಹಣ್ಣು ಬೇಕೆನಿಸುತ್ತದೆ ಎಂದು ಕಳಿಸುತ್ತಿದ್ದಳು. ಅವಳ ವಾಂತಿಯ ಮೇಲೂ ನನಗೆ ಹೊಟ್ಟೆಕಿಚ್ಚು. ಎಣಿಸಿ ನೋಡಿದ ನನ್ನ ನಾಲ್ಕೂ ಹಾಳು, ಎಣಿಸದೇ ಹಾಕಿದ ಅವಳದು ನಿಂತಿತು. ಅವಳದನ್ನೂ ಎಣಿಸಿದ್ದರೆ ತಿಳಿಯುತ್ತಿತ್ತು ಎಂದು ಅಂಗಡಿಯಲ್ಲಿ ಬಳೆ ಜೋಡಿಸುತ್ತ ಎಷ್ಟೋ ಸಲ ಅಂದುಕೊಂಡೆ. ಬಾಯಿಬಿಟ್ಟೇ ಅಂದುಕೊಂಡೆ.

ಒಂದು ದಿನ ಅಮ್ಮಿ ನನ್ನ ಫೋನು ಎತ್ತಿ, 'ಯಾರೋ ಮಾಯಕೊಂಡದವರಂತೆ,' ಎಂದು ನನ್ನ ಕಿವಿಗೆ ಹಿಡಿದರು. ತಪ್ಪಿಸಿಕೊಳ್ಳಲಾಗಲಿಲ್ಲ.

'ಅಕ್ಕ, ರಕ್ತದ ರಿಪೋರ್ಟು ಬಂತು. ಕೂಸಿಗೆ ಇಪ್ಪತ್ತೊಂದನೇದು ಒಂದು ಹೆಚ್ಚಿಗಿ ಇರಬೋದು ಅಂದ್ರು. ನಮ್ಮ ಮನಿಯೋರು ಗಾಬರಿ ಬಿದ್ರು. ನಾನೇ ಹೇಳಿದೆ, ಹರಿಹರದ ಅಕ್ಕನವೂ ಹಂಗೇ ಅದಾವೆ, ಹೆಚ್ಚಿಗಿ ಇದ್ರೆ ಬರಕತ್ತು ಅಂತ ಅವರೇ ಹೇಳ್ಯಾರೆ ಅಂತ.'

ನನ್ನ ಕೈಯಲ್ಲಿ ಬಳೆಯ ಗೊಂಚಲಿತ್ತು. ಕೆಳಗಿಟ್ಟೆ.

'ಡಾಕ್ಟರಮ್ಮ ಏನಂದ್ರು?'

'ಹದಿನಾರು ವಾರ ಆದ ಮ್ಯಾಲೆ ಹೊಟ್ಟಿಗೆ ಸೂಜಿ ಹಾಕಿ ನೀರು ತೆಗೆದು ನೋಡ್ತಾರಂತೆ. ಏನೇನೋ ಹೇಳಿದ್ರು, ಅರ್ಧ ತಿಳೀಲಿಲ್ಲ. ಸೂಜಿಯಿಂದ ಎಲ್ಲೋ ಒಬ್ಬೊಬ್ಬರಿಗೆ ತೊಂದರಿ ಆಗ್ತೈತಂತೆ. ಅದಕ್ಕೆ ಬ್ಯಾಡ ಅಂದ್ವಿ. ನಿಮ್ಮವನ್ನ ಯಾವಾಗ ಹಾಕ್ತಾರೆ ಅಕ್ಕ?'

ಆಗ ನನಗೆ ಖುಷಿಯಾಯಿತು. ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ಉಳಿದದ್ದನ್ನೆಲ್ಲ ಬರೆದು ಉಪಯೋಗವಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನನಗೆ ಖುಷಿಯಾಯಿತು. ಅದರ ಬೆನ್ನಿಗೇ ಬಂದದ್ದು ಅದಕ್ಕಿಂತ ಕೀಳು. ಇಪ್ಪತ್ತೊಂದನೆಯದು ಹೆಚ್ಚಿರುವ ಮಕ್ಕಳು ಹುಟ್ಟುತ್ತಾರೆ, ಬುದ್ಧಿ ನಿಧಾನಕ್ಕೆ ಬೆಳೆದರೂ ಬದುಕುತ್ತಾರೆ ಎಂದು ಆ ಹಾಳೆ ತೋರಿಸುವಾಗಲೇ ಡಾಕ್ಟರಮ್ಮ ಹೇಳಿದ್ದರು. ನನ್ನ ಹದಿನಾರು ಬದುಕುವುದಿಲ್ಲ. ಹೆಚ್ಚಿಗೆ ಬಂದರೂ ಅವಳಿಗೆ ಬದುಕುವ ನಂಬರೇ ಬರಬೇಕೇ? ಅಂಥ ಮಗುವಾದರೂ ಸರಿ, ನನಗೆ ಕೊಟ್ಟಿದ್ದರೆ ಎತ್ತಿಕೊಳ್ಳುತ್ತಿದ್ದೆ.

'ನೋಡಬೇಕು,' ಎಂದು ಫೋನು ಇಟ್ಟೆ.

ಒಂಬತ್ತು ದಿನ ಸುಮ್ಮನಿದ್ದೆ. ಡಾಕ್ಟರು ಹೇಳಿದ್ದಾರಲ್ಲ, ಓದು ಬಾರದವಳೇನಲ್ಲ, ನನ್ನ ಮಾತು ಕಟ್ಟಿಕೊಂಡು ಕೂತರೆ ನಾನೇನು ಮಾಡಲಿ ಎಂದು ನನಗೆ ನಾನೇ ವಕಾಲತ್ತು ಹಾಕಿಕೊಂಡೆ.

ನಮ್ಮ ಓಣಿಯಲ್ಲಿ ಅಂಥದೇ ಒಬ್ಬಳು ಹುಡುಗಿ ಇದ್ದಾಳೆ. ತಾಯಿಯ ಜೊತೆ ಅಂಗಡಿಗೆ ಬಂದರೆ ಕೆಂಪು ಬಳೆಯೇ ಬೇಕು, ಬೇರೆ ಬಣ್ಣ ತೋರಿಸಿದರೆ ನನ್ನ ಮೇಲೆ ಮುನಿಸು. ಹತ್ತನೇ ದಿನ ಬಂದರು. ಬಳೆ ತೊಡಿಸುತ್ತ ತಾಯಿಯನ್ನು ಕೇಳಿದೆ, ಮೊದಲೇ ತಿಳಿದಿದ್ದರೆ ಏನು ಮಾಡುತ್ತಿದ್ದಿರಿ ಎಂದು. ಯಾರೂ ಕೇಳಬಾರದ ಮಾತು. ಆಕೆ ಸಿಟ್ಟಾಗಲಿಲ್ಲ.

'ತಿಳಿದಿದ್ರೆ ಎದಿ ಗಟ್ಟಿ ಮಾಡ್ಕಂತಿದ್ದೆ. ಇವಳ ಹಾರ್ಟಿನಾಗೆ ತೂತಿತ್ತು, ಹುಟ್ಟಿದ ಮ್ಯಾಲೆ ತಿಳಿದು ಓಡಾಡಿದ್ವಿ. ಮೊದಲೇ ಗೊತ್ತಿದ್ರೆ ದೊಡ್ಡಾಸ್ಪತ್ರೆಯಾಗೇ ಹಡೀತಿದ್ದೆ. ಇವಳನ್ನ ಬ್ಯಾಡ ಅಂತಿದ್ದೆ ಅಂತಲ್ಲ. ನಂಗೆ ತಿಳೀಬೇಕಿತ್ತು, ಅಷ್ಟೆ.'

ಹುಡುಗಿ ಕೈ ಅಲ್ಲಾಡಿಸಿ ಬಳೆಯ ಸದ್ದು ಕೇಳಿ ನಕ್ಕಳು. ಮರುದಿನ ಬೆಳಿಗ್ಗೆ ನಾನು ದಾವಣಗೆರೆಗೆ ಹೋಗಿ, ಅಲ್ಲಿಂದ ಮಾಯಕೊಂಡದ ಬಸ್ಸು ಹತ್ತಿದೆ.

ಅವಳು ಮನೆಯ ಮುಂದೆ ಕೂತು ಜೋಳದ ತೆನೆ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತ ರೀತಿಯಲ್ಲೇ ಹೊಟ್ಟೆ ಸ್ವಲ್ಪ ಮುಂದೆ ಬಂದಿರುವುದು ತಿಳಿಯಿತು. ಒಳಗಿನಿಂದ ಅವಳ ಅತ್ತೆ ಬಂದು, 'ಬರ್ರಿ, ಕೂಡ್ರಿ,' ಎಂದು ಕಂಬಳಿ ಹಾಸಿದರು. ನಾನು ಯಾರೆಂದು ತಿಳಿದ ಮೇಲೆ, ನಿಮ್ಮ ಮಾವ ಮಲಾರ ಹೊತ್ತು ಈ ಬಾಗಿಲಿಗೆ ಬರುತ್ತಿದ್ದರು, ಹೆಚ್ಚಿಗೆ ಒಂದು ಬಳೆ ಹಾಕದೇ ಏಳುತ್ತಿರಲಿಲ್ಲ ಎಂದರು. ಅದನ್ನು ಆಗಲೇ ನೆನೆಯಬೇಕಿತ್ತೇ ಆಕೆ!

ಅತ್ತೆ ಚಹಾ ಮಾಡಲು ಒಳಗೆ ಹೋದ ಮೇಲೆ ಹೇಳಿದೆ. ನಾನು ಹೇಳಿದ್ದು ತಪ್ಪು, ಹೆಚ್ಚಿಗೆ ಇರುವುದು ಬರಕತ್ತಲ್ಲ, ನಾನು ರಿಪೋರ್ಟನ್ನು ತಪ್ಪಾಗಿ ಓದಿಕೊಂಡಿದ್ದೆ. ಆ ಪರೀಕ್ಷೆ ಮಾಡಿಸು. ಇಟ್ಟುಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ತಿಳಿದಿರಲಿ.

ಅವಳು ಕೈಯಲ್ಲಿದ್ದ ತೆನೆಯನ್ನು ಪೂರ್ತಿ ಬಿಡಿಸಿದಳು. ಆಮೇಲೆ ಕೇಳಿದಳು.

'ಹಂಗಾದ್ರೆ ನಿಮ್ಮವು ನಾಕೂ ಹೋದ್ವಾ ಅಕ್ಕ?'

ಬೈಯುತ್ತಾಳೆ ಎಂದು ಸಿದ್ಧವಾಗಿ ಹೋಗಿದ್ದೆ. ಇದಕ್ಕೆ ಸಿದ್ಧವಾಗಿರಲಿಲ್ಲ. ಅವಳ ಮರುಕವನ್ನು ಹೊರುವುದಕ್ಕಿಂತ ಚಪ್ಪಲಿ ಏಟು ತಿನ್ನುವುದು ಸುಲಭವಿತ್ತು.

'ಹೋದವು.'

'ಯಾವಾಗ ತಿಳೀತು?'

'ನಿನಗೆ ಫೋನು ಮಾಡಿದ ಮರುದಿನ.'

ಅವಳು ಬೆರಳು ಮಡಿಚಿ ತಿಂಗಳು ಎಣಿಸಿದಳು. 'ಇಷ್ಟು ದಿನ ಯಾಕ ಹೇಳ್ಲಿಲ್ಲ?'

'ಹೊಟ್ಟೆಕಿಚ್ಚಿಗೆ,' ಎಂದೆ.

ಅವಳು ಇನ್ನೊಂದು ತೆನೆ ತೆಗೆದುಕೊಂಡಳು. ಅತ್ತೆ ಚಹಾ ತಂದರು, ಮೂವರೂ ಕುಡಿದೆವು.

ಪರೀಕ್ಷೆಗೆ ನಾನೂ ಹೋದೆ. ಕರೆದಿರಲಿಲ್ಲ, ಹೋದೆ. ಅದೇ ಬೆಂಚು. ಈ ಸಲ ಮಂಡಕ್ಕಿ ನಾನು ಒಯ್ದಿದ್ದೆ, ಅವಳು ಮುಟ್ಟಲಿಲ್ಲ. ಒಳಗೆ ಹೋಗುವಾಗ ಗಂಡನ ಕೈ ಹಿಡಿದಳು. ಹಿಡಿಯಬೇಕಾದ್ದೂ ಅದನ್ನೇ.

ಎರಡು ಮೂರು ವಾರದ ಮೇಲೆ ಅವಳ ಫೋನು. ಮೊದಲ ಸದ್ದಿಗೇ ಎತ್ತಿದೆ.

'ನಲವತ್ತಾರೇ ಐತಂತೆ ಅಕ್ಕ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ.'

ಅಲ್ಹಮ್ದುಲಿಲ್ಲಾ ಎಂದೆ. ಬಾಯಿ ಅಂದಿತು. ಒಳಗೆ ಮಾತ್ರ ಲೆಕ್ಕ ನಡೆದಿತ್ತು. ನನಗೆ ನಾಲ್ಕರಲ್ಲಿ ಒಂದೂ ಸರಿ ಬರಲಿಲ್ಲ, ಅವಳಿಗೆ ಹಾಕಿದ ಒಂದೇ ಒಂದು ಸರಿ ಬಂತು. ಸತ್ಯ ಹೇಳಿ ಬಂದರೆ ಕಿಚ್ಚು ಆರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕುಬಸಕ್ಕೆ ಕರೆದರು. ಫೋನು ಮಾಡಿದ್ದು ಅವಳಲ್ಲ, ಅವಳ ಅತ್ತೆ. ಬಳೆಗೆ ಬೇರೆ ಯಾರನ್ನಾದರೂ ಕರೆಯಿರಿ ಎನ್ನಲು ಬಾಯಿ ತೆರೆದೆ. 'ಸೊಸಿ ನಿಮ್ಮನ್ನೇ ಕರೀರಿ ಅಂದಾಳೆ,' ಎಂದರು. ಎರಡು ಆರರ ಅಳತೆಯ ಹಸಿರು ಬಳೆ ಆರಿಸಿದೆ. ಕೈ ಅಷ್ಟು ಬಾತಿರುತ್ತದೆ ಎಂದು ನನಗೆ ಗೊತ್ತು. ಒಂದೊಂದನ್ನೂ ಉಗುರಿನಿಂದ ತಟ್ಟಿ ಸದ್ದು ಕೇಳಿದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಬಳೆ ಸಪ್ಪಗೆ ಸದ್ದು ಮಾಡುತ್ತದೆ. ಅಂಥವನ್ನು ತೆಗೆದಿಟ್ಟೆ. ಒಂದು ಬಳೆಯನ್ನು ಬೇರೆ ಕಾಗದದಲ್ಲಿ ಸುತ್ತಿಕೊಂಡೆ.

ಅವಳು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಸುತ್ತ ಹೆಂಗಸರು. ನಾನು ಎದುರು ಕೂತು ಕೈ ತೆಗೆದುಕೊಂಡೆ. ಎಂದೂ ಇಲ್ಲದಷ್ಟು ಮೆಲ್ಲಗೆ ಒತ್ತಿದೆ. ಹನ್ನೆರಡು ಒಂದು ಕೈಗೆ, ಹನ್ನೆರಡು ಇನ್ನೊಂದಕ್ಕೆ. ಒಂದೂ ಒಡೆಯಲಿಲ್ಲ. ಅವಳು ಒಮ್ಮೆಯೂ ನೋವೆನ್ನಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

ಕಾಗದ ಬಿಚ್ಚಿ ಆ ಬಳೆ ತೆಗೆದೆ. ಹೊಟ್ಟೆಯೊಳಗೆ ಹುಡುಕಿದೆ. ಕಿಚ್ಚು ಇತ್ತು, ಇಲ್ಲ ಎನ್ನಲಾರೆ. ಆದರೆ ದುವಾ ಕೂಡ ಇತ್ತು. ಒಂದರ ಪಕ್ಕ ಒಂದು ಇರುತ್ತವೆ ಎಂದು ಅಮ್ಮಿ ನನಗೆ ಹೇಳಿಕೊಟ್ಟಿರಲಿಲ್ಲ. ಅವಳ ಕೂಸು ಚೆನ್ನಾಗಿ ಹುಟ್ಟಲಿ ಎಂದು ನಾನು ಮನಸಾರೆ ಕೇಳಿಕೊಂಡೆ, ಎಡಗೈ ಹಿಡಿಯಲು ಬಾಗಿದೆ.

ಅವಳು ಕೈ ಹಿಂದೆ ತೆಗೆದುಕೊಂಡಳು.

'ಅದೊಂದು ಬ್ಯಾಡ ಅಕ್ಕ,' ಎಂದಳು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. 'ಸರಿ ಎಷ್ಟೈತೋ ಅಷ್ಟೇ ಇರಲಿ.'

ಹೆಚ್ಚಿಗೆ ಎಂಬುದಕ್ಕೆ ಹೆದರಿದಳೋ, ಅದನ್ನು ಹಿಡಿದ ಕೈಗೆ ಹೆದರಿದಳೋ ನಾನು ಕೇಳಲಿಲ್ಲ, ಬಳೆಯನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಂಡೆ. ಆಮೇಲೆ ಬಳೆ ತೊಡಿಸಿದವರಿಗೆ ಎಲ್ಲರೂ ಮಾಡುವಂತೆ ಬಾಗಿ ನನ್ನ ಕಾಲು ಮುಟ್ಟಿದಳು. ಅವಳ ಅತ್ತೆ ನನಗೆ ಅಕ್ಕಿ, ಬೆಲ್ಲ, ಕಾಯಿ, ಕುಪ್ಪಸದ ಬಟ್ಟೆ ಕೊಟ್ಟು ಊಟ ಮಾಡಿಸಿ ಕಳಿಸಿದರು.

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಕಾಗದ ಬಿಚ್ಚಿ ಆ ಬಳೆಯನ್ನು ನನ್ನ ಎಡಗೈಗೆ ಹಾಕಿ ನೋಡಿದೆ. ನನ್ನದು ಎರಡು ಎಂಟು. ಬೆರಳು ಮಡಿಚಿದೆ, ಹೆಬ್ಬೆರಳನ್ನು ಅಂಗೈಯೊಳಗೆ ತೂರಿಸಿದೆ, ಮೂಳೆಯನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿದೆ. ಬೇರೆಯವರಿಗೆ ಮಾಡುವುದನ್ನೆಲ್ಲ ನನಗೂ ಮಾಡಿಕೊಂಡೆ. ಹೆಬ್ಬೆರಳಿನ ಬುಡದ ಹತ್ತಿರ ನಿಂತುಬಿಟ್ಟಿತು. ಇನ್ನೊಂದು ಸಲ ನೂಕಿದ್ದರೆ ಒಡೆಯುತ್ತಿತ್ತು. ಹಾಗೇ ಹಿಂದಕ್ಕೆ ತೆಗೆದು ಕಾಗದದಲ್ಲಿ ಸುತ್ತಿ, ಅವಳ ಮನೆಯ ಅಕ್ಕಿಯ ಮೇಲೆ ಇಟ್ಟುಕೊಂಡೆ.